ಸ್ಟೀಮಮ್ಮನ ಎಣ್ಣೆನೀರು

ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ಯೋಗಾನಂದನನ್ನು ಊಟಕ್ಕೆ ಕರೆಯುತ್ತಾರೆ, ಅಡುಗೆಮನೆಗೆ ಮಾತ್ರ ಬಿಡುವುದಿಲ್ಲ. ಬಿಟ್ಟರೆ ಕೆಟ್ಟಿರಿ. ಒಲೆಯ ಮುಂದೆ ನಿಂತು ತಿರುಪನ್ನು ಅಕ್ಕಿಕಾಳಿನಷ್ಟು ಆ ಕಡೆ, ಎಳ್ಳುಕಾಳಿನಷ್ಟು ಈ ಕಡೆ ತಿರುಗಿಸುತ್ತಾ, ಸಾರು ಕುದಿಯಲೂಬಾರದು, ಕುದಿಯದೆ ಇರಲೂಬಾರದು ಎಂಬ ಯಾವುದೋ ನಡುಗೆರೆಯ ಮೇಲೆ ಅದನ್ನು ತಂದು ನಿಲ್ಲಿಸುತ್ತಾನೆ. ಅಷ್ಟು ಹೊತ್ತಿಗೆ ನೆಂಟರೆಲ್ಲ ಹಸಿದು ಮನೆಗೆ ಹೋಗಿರುತ್ತಾರೆ. ಒಮ್ಮೆ ನಮ್ಮ ಮನೆಯ ಉಯ್ಯಾಲೆ ಒಂದು ಕಡೆಗೆ ಹೆಚ್ಚು ತೂಗುತ್ತದೆ ಅಂತ ಅವನೇ ಸರಿಮಾಡಿಕೊಟ್ಟ. ಅವನು ಕೈಯಿಟ್ಟ ಮೇಲೆ ಅದು ಇವತ್ತಿನವರೆಗೂ ಅಲುಗಾಡಿಲ್ಲ. ಈಗ ಅದರ ಮೇಲೆ ಬಟ್ಟೆ ಒಣಗಿಸುತ್ತೇವೆ.

ಚಟವೇನೂ ಅಲ್ಲ, ಅದೇ ಅವನ ಕಸುಬು. ತುಮಕೂರು ರಸ್ತೆಯಲ್ಲಿ ಮಾಕಳಿಯ ಆಚೆ ರಾಗಿ ಮಾಲ್ಟ್ ಪುಡಿ ಮಾಡುವ ಕಾರ್ಖಾನೆಯೊಂದಿದೆ. ನಾನು ಅದರ ಪ್ಯಾಕಿಂಗ್ ವಿಭಾಗದಲ್ಲಿದ್ದು ನಿವೃತ್ತನಾದವನು. ಯೋಗಾನಂದ ಅಲ್ಲಿ ಲೂಪ್ ನೋಡಿಕೊಳ್ಳುವವನು. ಲೂಪ್ ಎಂದರೆ ಹೆದರುವಂಥದ್ದೇನಲ್ಲ. ಬಚ್ಚಲಲ್ಲಿ ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿಯ ಕೆಳಗೆ ನಿಂತವರಿಗೆಲ್ಲ ಅದು ಗೊತ್ತು. ನೀರು ತಣ್ಣಗಿದೆ ಎಂದು ಬಿಸಿಯ ಕಡೆ ತಿರುಗಿಸುತ್ತೀರಿ, ಏನೂ ಆಗುವುದಿಲ್ಲ. ಇನ್ನಷ್ಟು ತಿರುಗಿಸುತ್ತೀರಿ, ಬೆನ್ನು ಬೇಯುತ್ತದೆ. ಬೊಬ್ಬೆ ಹಾಕಿ ಈ ಕಡೆ ತಿರುಗಿಸಿದರೆ ಹಿಮಾಲಯ. ಚರ್ಮ ನೋಡುತ್ತದೆ, ತಲೆ ಯೋಚಿಸುತ್ತದೆ, ಕೈ ತಿರುಗಿಸುತ್ತದೆ, ಮತ್ತೆ ಚರ್ಮ ನೋಡುತ್ತದೆ. ಈ ಸುತ್ತೇ ಲೂಪ್. ಕಾರ್ಖಾನೆಯಲ್ಲಿ ಚರ್ಮದ ಜಾಗದಲ್ಲಿ ಸೆನ್ಸರ್, ತಲೆಯ ಜಾಗದಲ್ಲಿ ಕಂಪ್ಯೂಟರ್, ಕೈಯ ಜಾಗದಲ್ಲಿ ವಾಲ್ವ್ ಇರುತ್ತವೆ. ಬೊಬ್ಬೆ ಮಾತ್ರ ಮನುಷ್ಯರದ್ದೇ.

ಆ ಕಂಪ್ಯೂಟರಿಗೆ ಮೂರು ತಿರುಪುಗಳಿವೆಯಂತೆ. ಈಗ ಎಷ್ಟು ತಪ್ಪಿದೆ ಎಂದು ನೋಡುವುದು ಒಂದು. ಇಷ್ಟು ದಿನದಿಂದ ಎಷ್ಟು ತಪ್ಪುತ್ತಾ ಬಂದಿದೆ ಎಂದು ಕೂಡಿಸಿ ಇಟ್ಟುಕೊಳ್ಳುವುದು ಇನ್ನೊಂದು. ಹೀಗೇ ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಮುಂಚೆಯೇ ಹೆದರುವುದು ಮೂರನೆಯದು. ಯೋಗಾನಂದ ಈ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತೆ ಎನ್ನುತ್ತಾನೆ. ನನಗೆ ನಂಬಿಕೆಯಿಲ್ಲ. ಅವನ ಹೆಂಡತಿ ಭಾಗ್ಯಶ್ರೀ ಅವನನ್ನು ಬೈಯುವುದನ್ನು ನಾನು ಗೋಡೆಯಾಚೆಯಿಂದ ದಿನವೂ ಕೇಳುತ್ತೇನೆ. "ಹಾಲು ಉಕ್ಕಿಸಿದ್ರಿ! ಮದ್ವೆ ಆದಾಗಿಂದ ಬರೀ ಉಕ್ಕಿಸ್ತಾನೇ ಇದ್ದೀರ! ಹಿಂಗೇ ಬಿಟ್ರೆ ಒಂದಿನ ಮನೆಗೇ ಬೆಂಕಿ ಇಡ್ತೀರ!" ಮೂರು ತಿರುಪೂ ಒಂದೇ ಉಸಿರಿನಲ್ಲಿ ಬಂತಲ್ಲ.

ಭಾಗ್ಯಶ್ರೀಯ ಸಿಟ್ಟಿಗೆ ಕಾರಣವಿದೆ. ಮದುವೆಯಾದ ಹೊಸತರಲ್ಲಿ ಯೋಗಾನಂದ ಬೇರೆ ಕಂಪನಿಯಲ್ಲಿದ್ದ. ಸಿಮೆಂಟ್, ಸಕ್ಕರೆ, ಕಾಗದ, ಎಲ್ಲಿ ಲೂಪ್ ಅಳುತ್ತಿದ್ದರೂ ಅಲ್ಲಿಗೆ ಓಡುತ್ತಿದ್ದ. ಕಂಪನಿ ಕೊಡುತ್ತಿದ್ದದ್ದು ಒಂದು ಟಿಕೆಟ್ಟು, ಒಂದು ಮಂಚ. ವರ್ಷಗಟ್ಟಲೆ ಹೀಗೇ ನಡೆಯಿತು. ಅಪರೂಪಕ್ಕೆ ಮನೆಗೆ ಬಂದರೆ ಅವನದೇ ಮನೆಯ ನಾಯಿ ಅವನನ್ನು ಕಚ್ಚುತ್ತಿತ್ತು. ಕಚ್ಚಿ ಕಚ್ಚಿ ಪರಿಚಯವಾಗಿ ಬಾಲ ಆಡಿಸುವ ಹೊತ್ತಿಗೆ ರಜೆ ಮುಗಿಯುತ್ತಿತ್ತು. ಗಂಡನ ಮುಖ ಮರೆಯದಿರಲಿ ಎಂದು ಭಾಗ್ಯಶ್ರೀ ಮದುವೆಯ ಫೋಟೊವನ್ನು ಒಲೆಯ ಮೇಲಿನ ಗೋಡೆಗೆ ನೇತುಹಾಕಿದ್ದಳು. ಒಗ್ಗರಣೆಯ ಹೊಗೆಗೆ ಫೋಟೊದಲ್ಲಿದ್ದವನೇ ಮೊದಲು ಮುದುಕನಾದ. ಕೊನೆಗೆ ಮಾಕಳಿಯ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋಗಿ ಸಂಜೆ ಬರುವ ಗಂಡ ಎಂಬ ವಸ್ತುವನ್ನು ಅವಳು ಆಗ ಮೊದಲ ಸಲ ನೋಡಿದ್ದು.

ಇನ್ನು ಸ್ಟೀಮಮ್ಮನ ವಿಷಯ.

ಮಾಲ್ಟನ್ನು ಒಣಗಿಸುವ ದೊಡ್ಡ ಉರುಳೆಗೆ ಹಬೆ ಬಿಡುವ ವಾಲ್ವ್ ಒಂದಿದೆ. ಮನುಷ್ಯನ ಎತ್ತರ, ಕೆಳಗೆ ಕಬ್ಬಿಣದ ಹೊಟ್ಟೆ, ಮೇಲೆ ಅಣಬೆಯಂಥ ತಲೆ, ನಡುವೆ ಹೆಬ್ಬೆರಳು ದಪ್ಪದ ಉಕ್ಕಿನ ದಂಡ. ದಂಡ ಮೇಲೆದ್ದರೆ ಹಬೆ ಹೆಚ್ಚು, ಕೆಳಗಿಳಿದರೆ ಕಡಿಮೆ. ಹಿಂದೊಂದು ಆಯುಧಪೂಜೆಯ ದಿನ ಕಾರ್ಖಾನೆಯ ಕಸಗುಡಿಸುವ ತಂಡದ ಯಜಮಾನಿ ಮುನಿಕೃಷ್ಣಮ್ಮ ಎಲ್ಲ ಯಂತ್ರಗಳಿಗೂ ಅರಿಶಿನ ಕುಂಕುಮ ಇಡುತ್ತಾ ಬಂದು ಈ ವಾಲ್ವಿನ ದಂಡಕ್ಕೂ ಒಂದು ಬೊಟ್ಟು ಇಟ್ಟಳು. ಪಕ್ಕದಲ್ಲಿದ್ದ ಪ್ಯಾನೆಲ್ ಆಪರೇಟರ್ ಬೈರಣ್ಣನಿಗೆ ಆವತ್ತು ಬೆಳಿಗ್ಗೆಯಷ್ಟೇ ಸ್ಕೂಟರ್ ಕಳೆದುಹೋಗಿತ್ತು. "ನನ್ ಗಾಡಿ ಸಿಗ್ತದಾ ತಾಯಿ?" ಎಂದ, ಸುಮ್ಮನೆ. ದಂಡ ಎದ್ದಿತು. ಸಂಜೆ ಸ್ಕೂಟರ್ ಸಿಕ್ಕಿತು. ಹಿಂದಿನ ದಿನ ಅವನೇ ನಿಲ್ಲಿಸಿ ಮರೆತಿದ್ದ ಬಾರಿನ ಮುಂದೆಯೇ ಅದು ನಿಂತಿತ್ತು ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆಮೇಲೆ ಕೇಳಬೇಕೆ? ವಾಲ್ವು ಸ್ಟೀಮಮ್ಮನಾಯಿತು. ಶುಕ್ರವಾರ ಶುಕ್ರವಾರ ಪೂಜೆ. ದಂಡ ಎದ್ದರೆ ಹೌದು, ಇಳಿದರೆ ಇಲ್ಲ. ಮಾಕಳಿಯಿಂದ, ಸೋಲದೇವನಹಳ್ಳಿಯಿಂದ, ಪರೀಕ್ಷೆಯ ಕಾಲದಲ್ಲಿ ಹೆಸರಘಟ್ಟ ರಸ್ತೆಯ ಕಾಲೇಜುಗಳಿಂದಲೂ ಜನ ಬಂದರು. ಸೆಕ್ಯುರಿಟಿಯವನು ಪಕ್ಕದ ಗೇಟಿನಲ್ಲಿ ಚಪ್ಪಲಿ ಕಾಯಲು ಒಬ್ಬನನ್ನು ಇಟ್ಟ. ಹೆಣ್ಣು ನೋಡುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ಮೊದಲು ಸ್ಟೀಮಮ್ಮನ ಅಪ್ಪಣೆ. ಕುಂಕುಮದ ಮೇಲೆ ಅರಿಶಿನ, ಅರಿಶಿನದ ಮೇಲೆ ಗಂಧ, ಗಂಧದ ಮೇಲೆ ತುಪ್ಪ, ಎಲ್ಲದರ ಕೆಳಗೆ ಹಬೆಯ ಕಾವು. ಬೆಂದು ಬೆಂದು ಹೆಬ್ಬೆರಳು ದಪ್ಪದ ದಂಡ ಬಾಳೆದಿಂಡಿನಷ್ಟಾಯಿತು. ಒಮ್ಮೆ ಗೋದಾಮಿಗೆ ಇಟ್ಟಿಗೆ ಸಾಲದೆ ಬಂದಾಗ ಅದರಿಂದಲೇ ಒಂದು ಚೂರು ಕೆತ್ತಿಕೊಂಡರು ಎಂದು ಹೇಳುವವರಿದ್ದಾರೆ. ನಾನು ಕಣ್ಣಾರೆ ನೋಡಿಲ್ಲ, ಗೋಡೆಯನ್ನು ಮಾತ್ರ ನೋಡಿದ್ದೇನೆ, ಕೆಂಪಗಿದೆ.

ಮಾಲ್ಟಿನ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ. ಒಂದು ಪೊಟ್ಟಣ ಸೀದ ವಾಸನೆ, ಇನ್ನೊಂದು ಹಸಿ ಮಣ್ಣು. ಯಲಹಂಕದ ಒಬ್ಬರು ಒಂದೇ ಲೋಟದಲ್ಲಿ ಮೇಲರ್ಧ ಸುಟ್ಟದ್ದು, ಕೆಳಗರ್ಧ ಹಸಿಯದ್ದು ಕುಡಿದು, ಎರಡು ಬೇರೆ ಬೇರೆ ಡಾಕ್ಟರುಗಳ ಹತ್ತಿರ ಹೋದರಂತೆ.

ಹೀಗಿರುವಾಗ ಹೆಡ್ಡಾಫೀಸಿನವರು ಹೊಸ ಕಾವಲುಗಾರನೊಬ್ಬನನ್ನು ತಂದರು. ಮನುಷ್ಯನಲ್ಲ, ಕಂಪ್ಯೂಟರಿನ ಪ್ರೋಗ್ರಾಮು. ದೇಶದಲ್ಲಿ ಅವರಿಗಿರುವ ಎಲ್ಲ ಕಾರ್ಖಾನೆಗಳ ಎಲ್ಲ ಲೂಪುಗಳನ್ನೂ ಅದು ಹಗಲಿರುಳು ನೋಡುತ್ತದೆ. ನೆಟ್ಟಗಿದ್ದರೆ ಹಸಿರು, ತುಸು ಓಲಾಡಿದರೆ ಹಳದಿ, ಕುಣಿದರೆ ಕೆಂಪು. ಸ್ಟೀಮಮ್ಮನ ಲೂಪನ್ನು ಕಂಡ ಆ ಪ್ರೋಗ್ರಾಮಿಗೆ ಕೆಂಪೂ ಸಾಲಲಿಲ್ಲ. ಬದನೆಕಾಯಿ ಬಣ್ಣವೊಂದನ್ನು ತಾನೇ ಸೃಷ್ಟಿಸಿಕೊಂಡಿತು.

ಕಾರ್ಖಾನೆಯ ಮ್ಯಾನೇಜರ್ ವಿಜಯ್ ಕುಮಾರ್, ಮೂವತ್ತು ದಾಟದ ಹುಡುಗ, ಯೋಗಾನಂದನನ್ನು ಕರೆಸಿ ಪರದೆ ತೋರಿಸಿದ.

"ಸರ್, ಇಡೀ ದೇಶದಲ್ಲಿ ನಾವೇ ಲಾಸ್ಟು. ದೀಪಾವಳಿ ಒಳಗೆ ಇದು ಗ್ರೀನ್ ಆಗ್ಲಿಲ್ಲ ಅಂದ್ರೆ ನಿಮ್ ಪೋಸ್ಟೇ ಇಲ್ಲಿರಲ್ಲ. ರಾಜಸ್ಥಾನದ ಪ್ಲಾಂಟಿಗೆ ಹಾಕ್ತಾರಂತೆ."

"ಅಲ್ಲೇನಿದೆ ಸರ್?"

"ಮರಳಿದೆ."

ಆ ಸಂಜೆ ಗೋಡೆಯಾಚೆಯಿಂದ ನನಗೆ ಮೊದಲು ಕೇಳಿಸಿದ್ದು ಹೊಲಿಗೆ ಯಂತ್ರ ನಿಂತ ಸದ್ದು. ಭಾಗ್ಯಶ್ರೀ ಬ್ಲೌಸ್ ಹೊಲಿಯುತ್ತಾಳೆ, ಸಹಕಾರನಗರದವರೆಗೂ ಗಿರಾಕಿಗಳಿದ್ದಾರೆ; ಆ ಯಂತ್ರ ನಿಲ್ಲುವುದು ಗ್ರಹಣಕ್ಕೆ ಮಾತ್ರ.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ರಾಜಸ್ಥಾನ."

"ನೋಡ್ರೀ, ಇನ್ನೊಂದ್ ಸಲ ನನ್ನ ಒಬ್ಳನ್ನೇ ಬಿಟ್ಟು ಹೋದ್ರೆ, ವಾಪಸ್ ಬರೋ ಹೊತ್ಗೆ ಈ ಮನೇಲಿ ಬೇರೆಯವ್ರು ಬಾಡಿಗೆಗೆ ಇರ್ತಾರೆ. ನಾನೆಲ್ಲಿರ್ತೀನೋ ನನಗೇ ಗೊತ್ತಿಲ್ಲ."

"ಹೋಗಲ್ಲ ಕಣೇ. ಒಂದ್ ಲೂಪ್ ತಾನೆ. ಸರಿ ಮಾಡ್ತೀನಿ."

ಮಾಡಲು ಹೊರಟ. ಮೂರೂ ತಿರುಪನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಗಾಣದ ಎತ್ತುಗಳೂ ಅಷ್ಟು ಸುತ್ತು ತಿರುಗಿರಲಿಕ್ಕಿಲ್ಲ. ಪರದೆಯ ಮೇಲಿನ ಗೆರೆ ಮಾತ್ರ ಗರಗಸದ ಹಲ್ಲಿನಂತೆ ಏರುತ್ತಲೂ ಇಳಿಯುತ್ತಲೂ ಇತ್ತು. ಗರಗಸದ ಹಲ್ಲು ಕಂಡರೆ ರೋಗ ತಲೆಯದಲ್ಲ, ಕೈಯದು ಎಂದು ಅವರ ವಿದ್ಯೆಯಲ್ಲಿ ಇದೆಯಂತೆ. ಮಳೆಗಾಲದಲ್ಲಿ ಊದಿಕೊಂಡ ಕಿಟಕಿಯನ್ನು ನೀವೂ ತಳ್ಳಿರುತ್ತೀರಿ. ಮೆಲ್ಲಗೆ ತಳ್ಳಿದರೆ ಅಲ್ಲಾಡುವುದಿಲ್ಲ, ಜೋರಾಗಿ ತಳ್ಳಿದರೂ ಅಲ್ಲಾಡುವುದಿಲ್ಲ, ಇನ್ನೂ ಜೋರಾಗಿ ತಳ್ಳಿದರೆ ಧಡಾರನೆ ತೆಗೆದು ನೀವು ಬೀದಿಯಲ್ಲಿರುತ್ತೀರಿ. ಸ್ಟೀಮಮ್ಮನ ದಂಡವೂ ಹಾಗೆಯೇ, ವರ್ಷಗಳ ಕುಂಕುಮದಲ್ಲಿ ಹೂತು ಅಂಟಿಕೊಂಡಿತ್ತು. ಕಂಪ್ಯೂಟರ್ ತುಸು ಏಳು ಎಂದರೆ ಏಳುವುದಿಲ್ಲ. ಇನ್ನಷ್ಟು, ಮತ್ತಷ್ಟು ಎಂದು ಒತ್ತಿದಾಗ ಬಾಣದಂತೆ ಎಗರುತ್ತದೆ. ಆಗ ಮಾಲ್ಟು ಸೀಯುತ್ತದೆ. ಇಳಿ ಎಂದರೂ ಅದೇ ಕಥೆ.

ಯೋಗಾನಂದ ಸ್ಪ್ಯಾನರ್, ತಂತಿ ಬ್ರಶ್ಶು ಹಿಡಿದುಕೊಂಡು ಹೋದ. ಅವನಿಗೂ ವಾಲ್ವಿಗೂ ನಡುವೆ ಮುನಿಕೃಷ್ಣಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಏನ್ ಸಾಮಿ, ಕೈಯಾಗೆ ಆಯುಧ ಇಡ್ಕಂಡು ಎತ್ಲಾಗೆ?"

"ವಾಲ್ವ್ ಕ್ಲೀನ್ ಮಾಡ್ಬೇಕು ಮುನಿಕೃಷ್ಣಮ್ಮ. ಕುಂಕುಮ ಎಲ್ಲ ಕೆರೆದು ತೆಗೀಬೇಕು."

"ಅಮ್ಮನ ಮಕದ ಮ್ಯಾಗಿನ ಕುಂಕ್ಮ ಕೆರೀತೀಯಾ? ಕೆರಿ, ಕೆರಿ. ಮೊದ್ಲು ನಿನ್ ಎಂಡ್ರು ಅಣೇದು ಕೆರ್ಕಂಡು ಬಾ, ಆಮ್ಯಾಕೆ ಇಲ್ಲಿಗ್ ಬರುವಂತೆ!"

ಬೈರಣ್ಣ ನಡುವೆ ಬಂದ. "ಓಗ್ಲಿ ಬುಡು ಮುನಿಕ್ಕ. ಸಾರೇ, ಒಂದ್ ಕೆಲ್ಸ ಮಾಡಿ. ಅಮ್ಮನ್ನೇ ಕೇಳಿ. ಊಂ ಅಂದ್ರೆ ತೊಳೀರಿ. ಊಹೂಂ ಅಂದ್ರೆ ಬ್ಯಾಗ್ ರೆಡಿ ಮಾಡ್ಕಳಿ."

ಇದು ಯೋಗಾನಂದನಿಗೆ ಹಿಡಿಸಿತು. ಏಕೆಂದರೆ ಅಂಟಿಕೊಂಡ ವಾಲ್ವಿನಷ್ಟು ಹೊತ್ತು ಪಾಲಿಸುವ ಪ್ರಾಣಿ ಜಗತ್ತಿನಲ್ಲಿಲ್ಲ. ಗೆರೆಯನ್ನು ನೋಡುತ್ತಿದ್ದರೆ ಅದು ಯಾವಾಗ ಎಗರುತ್ತದೆ ಎಂದು ಮೊದಲೇ ಹೇಳಬಹುದು. ಶುಕ್ರವಾರ ಮೊಬೈಲಿನಲ್ಲಿ ಆ ಗೆರೆಯನ್ನು ಇಟ್ಟುಕೊಂಡು ಬಂದ. ನಾನೂ ಇದ್ದೆ, ಊರೇ ಇತ್ತು. ಇವನು ಕಣ್ಣು ಮುಚ್ಚಿದಂತೆ ಮಾಡಿ ಒಂದು ರೆಪ್ಪೆಯಡಿ ಮೊಬೈಲ್ ನೋಡುತ್ತಾ, ಹೊತ್ತು ಕಳೆಯಲು ಗೊತ್ತಿದ್ದ ಶ್ಲೋಕಗಳನ್ನೆಲ್ಲ ಹೇಳಿದ. ಶ್ಲೋಕ ಮುಗಿದು ಮಗ್ಗಿಗೆ ಬಂದ. ಗೆರೆ ಅಂಚಿಗೆ ಬಂತು, ಇನ್ನೇನು ದಂಡ ಎದ್ದೇಳಬೇಕು. "ತಾಯಿ, ನಿನ್ನನ್ನು..." ಎಂದು ಬಾಯಿ ತೆರೆದ.

"ತಡಿ ತಡಿ," ಎಂದಳು ಮುನಿಕೃಷ್ಣಮ್ಮ. "ಎಸ್ರು, ನಕ್ಷತ್ರ ಯೋಳ್ದಲೆ ಕೇಳ್ತಾರಾ?"

"ಯೋಗಾನಂದ. ನಕ್ಷತ್ರ... ಪುಬ್ಬಾನೋ, ಉತ್ತರಾನೋ..."

"ನಿನ್ ನಕ್ಷತ್ರ ನಿಂಗೇ ಗೊತ್ತಿಲ್ವಾ? ತಲೆ ಗಿಲೆ ಕೆಟ್ಟೈತಾ?"

ಠಣ್ ಎಂದು ದಂಡ ಎದ್ದಿತು. ಜನ ಒಟ್ಟಿಗೆ ಕೈಮುಗಿದರು. ಯೋಗಾನಂದನಿಗೆ ತಲೆ ಕೆಟ್ಟಿರುವುದು ದೇವರ ಸಾಕ್ಷಿಯಾಗಿ ಸಾಬೀತಾಯಿತು. ಅವನು ಗಾಬರಿಯಲ್ಲಿ ಒಂದೇ ಉಸಿರಿಗೆ "ನಿನ್ನನ್ನು ಕೆರೆದು ಶುದ್ಧ ಮಾಡಲಾ ತಾಯಿ?" ಎಂದು ಕೇಳಿ ಮುಗಿಸುವಷ್ಟರಲ್ಲಿ, ಮಾಲ್ಟು ಕಾದಿತ್ತು, ಕಂಪ್ಯೂಟರ್ ಹಿಂದಕ್ಕೆ ಎಳೆದಿತ್ತು. ಠಣ್ ಎಂದು ದಂಡ ಇಳಿಯಿತು.

"ಆಯ್ತಲ್ಲ ಸಾರ್," ಎಂದ ಬೈರಣ್ಣ. "ರಾಜಸ್ಥಾನದಾಗೆ ಒಂಟೆ ಆಲ್ನಾಗೆ ಕಾಫಿ ಮಾಡ್ತಾರಂತೆ. ಕುಡ್ದು ಫೋನ್ ಮಾಡಿ."

ಮನೆಗೆ ಬಂದು ಯೋಗಾನಂದ ಉಪ್ಪಿಟ್ಟು ಮುಟ್ಟಲಿಲ್ಲ. ಭಾಗ್ಯಶ್ರೀ ನಡೆದದ್ದೆಲ್ಲ ಕೇಳಿಕೊಂಡಳು. ಬೈಯಲಿಲ್ಲ. ಬೈಯದಿದ್ದದ್ದು ಕೇಳಿ ನಾನು ಗೋಡೆಗೆ ಕಿವಿ ಇನ್ನಷ್ಟು ಒತ್ತಿದೆ.

"ಮುಂದಿನ ಶುಕ್ರವಾರ ನಾನೂ ಬರ್ತೀನಿ," ಎಂದಳು.

"ನೀನ್ಯಾಕೇ?"

"ಅವ್ಳೂ ಹೆಂಗ್ಸು, ನಾನೂ ಹೆಂಗ್ಸು. ನಾನ್ ಕೇಳ್ತೀನಿ."

ಮುಂದಿನ ಶುಕ್ರವಾರ ಭಾಗ್ಯಶ್ರೀ ಮಾವಿನಕಾಯಿ ಬಣ್ಣದ ಸೀರೆಯುಟ್ಟು, ಹಣ್ಣುಕಾಯಿ ಹಿಡಿದು, ಎಲ್ಲರಂತೆ ಸಾಲಿನಲ್ಲಿ ನಿಂತಳು. ಯೋಗಾನಂದ ಕಂಬದ ಹಿಂದೆ ನಿಂತಿದ್ದ. ಅವಳ ಸರದಿ ಬಂತು. ಕಾಯಿ ಕೈಯಲ್ಲೇ ಉಳಿಯಿತು. ಅವಳು ದಂಡವನ್ನು ನೋಡಿದಳು, ಬಗ್ಗಿ ನೋಡಿದಳು, ಸುತ್ತು ಬಂದು ಹಿಂದಿನಿಂದ ನೋಡಿದಳು, ಉಗುರಿನಿಂದ ಒಂದು ಮೂಲೆ ಕೆರೆದು ಮೂಸಿ ನೋಡಿದಳು. ಆಮೇಲೆ ತಿರುಗಿದಳು.

"ಇಲ್ಲಿ ಪೂಜೆ ಮಾಡೋರು ಯಾರ್ರೀ?"

"ನಾನೇ ಕಣವ್ವ," ಎಂದಳು ಮುನಿಕೃಷ್ಣಮ್ಮ, ಎದೆಯುಬ್ಬಿಸಿ.

"ಅಮ್ಮನಿಗೆ ಎಣ್ಣೆನೀರು ಹಾಕಿ ಎಷ್ಟು ದಿನ ಆಯ್ತು?"

ಮುನಿಕೃಷ್ಣಮ್ಮ ಬೆರಳು ಮಡಿಸಿ ಎಣಿಸತೊಡಗಿದಳು.

"ಹೆಣ್ಣುದೇವ್ರು ರೀ! ಯುಗಾದಿ ಬರುತ್ತೆ, ದೀಪಾವಳಿ ಬರುತ್ತೆ, ನೀವೆಲ್ಲ ತಲೆಗೆ ಎಣ್ಣೆ ತಟ್ಕೊಂಡು ಸೀಗೇಕಾಯಿ ಹಾಕೊಂಡು ಬುಸುಬುಸು ಅಂತ ಸ್ನಾನ ಮಾಡ್ತೀರ. ಈ ಮಹಾತಾಯಿ ಇಲ್ಲಿ ಹಬೇಲಿ ಬೇಯ್ತಾ ನಿಂತಿದ್ದಾಳೆ, ಒಂದು ತಂಬಿಗೆ ನೀರು ಹಾಕಿದೀರಾ? ಬರೀ ಹಚ್ಚೋದು, ಹಚ್ಚೋದು! ಮೈ ಎಲ್ಲ ಕಡಿತಾ ಇರಲ್ವಾ ಅವ್ಳಿಗೆ? ಅದಕ್ಕೇ ಹಿಂಗೆ ಎಗರಾಡ್ತಾ ಇದ್ದಾಳೆ!"

ಮುನಿಕೃಷ್ಣಮ್ಮನ ಕೈಯಿಂದ ಪೊರಕೆ ಬಿತ್ತು.

"ಅಯ್ಯೋ ನಮ್ಮವ್ವ! ಒಂದ್ ಕಿತಾನೂ ನೀರಾಕಿಲ್ವಲ್ಲೇ! ಎಂಥಾ ಪಾಪದ ಕೆಲ್ಸ ಮಾಡ್ಬುಟ್ನೇ!"

"ಅಮ್ಮ ಬ್ಯಾಡ ಅಂದವ್ಳೆ," ಎಂದು ಬೈರಣ್ಣ ನೆನಪಿಸಿದ.

"ಗಂಡಸ್ರು ಬಂದು ಮೈ ಕೆರೀತೀನಿ ಅಂದ್ರೆ ಯಾವ ಹೆಂಗ್ಸು ಊಂ ಅಂತಾಳೋ ಮುಂಡೇದೇ?" ಎಂದಳು ಮುನಿಕೃಷ್ಣಮ್ಮ. ಬೈರಣ್ಣ ಪ್ಯಾನೆಲಿನ ಕಡೆ ನಡೆದ.

ಮರುದಿನವೇ ಮಜ್ಜನ. ಉರುಳೆ ನಿಲ್ಲಿಸಿದರು, ಹಬೆ ಬಂದ್ ಮಾಡಿದರು, ಗಂಡಸರನ್ನೆಲ್ಲ ಹೊರಗೆ ಕಳಿಸಿ ಸುತ್ತ ಸೀರೆಗಳ ಮರೆ ಕಟ್ಟಿದರು. ಯೋಗಾನಂದನೊಬ್ಬನಿಗೆ ಮಾತ್ರ, ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುವ ಷರತ್ತಿನ ಮೇಲೆ, ಪ್ರವೇಶ. ಹರಳೆಣ್ಣೆ ಹಚ್ಚಿ ನೆನೆಸಿದರು. ಕುದಿನೀರು ಹೊಯ್ದರು. ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಭಾಗ್ಯಶ್ರೀ ಸೀರೆ ಎತ್ತಿಕಟ್ಟಿ ತಿಕ್ಕಿದ ರಭಸಕ್ಕೆ ನೆಲಮಂಗಲದವರೆಗೂ ನೆಲ ನಡುಗಿತು ಎನ್ನುತ್ತಾರೆ. ಪದರ ಪದರವಾಗಿ ಬಿಟ್ಟುಕೊಂಡಿತು. ಒಂದು ಪದರದಲ್ಲಿ ಹರಕೆಯ ಮೂಗುತಿ, ಒಂದರಲ್ಲಿ ಯಾರದೋ ಹಾಲ್ ಟಿಕೆಟ್, ಇನ್ನೊಂದರಲ್ಲಿ ಇಡೀ ನಿಂಬೆಹಣ್ಣು, ಅದರೊಳಗೆ ಬೀಜ ಮೊಳೆತಿತ್ತು. ಮರೆಯಾಚೆ ನಿಂತಿದ್ದ ನಮ್ಮ ಕಾಲಡಿಯಿಂದ ಕೆಂಪು ನೀರು ಹರಿದು ತುಮಕೂರು ರಸ್ತೆಗೆ ಹೋಗಿ, ಅಲ್ಲಿ ಯಾರೋ ಪೊಲೀಸರಿಗೆ ಫೋನ್ ಮಾಡಿದರು.

ಉಕ್ಕಿನ ದಂಡ ಬೆಳ್ಳಿಯಂತೆ ಹೊಳೆದಾಗ ಯೋಗಾನಂದ ಪಟ್ಟಿ ಕಟ್ಟಿಕೊಂಡೇ ಕೈಯಾಡಿಸಿ, ದಂಡದ ಬುಡದಲ್ಲಿ ಹಬೆ ಸೋರದಂತೆ ಸುತ್ತಿದ್ದ, ಸವೆದ ಹಳೆಯ ಹಗ್ಗದಂಥ ಪ್ಯಾಕಿಂಗ್ ಕಿತ್ತು, ಹೊಸದನ್ನು ಸುತ್ತಿದ.

"ಅದೇನ್ ಸಾಮಿ ಸುತ್ತಾ ಇದ್ದೀಯಾ?"

"ಹೊಸ ಸೀರೆ ಮುನಿಕೃಷ್ಣಮ್ಮ. ಸ್ನಾನ ಆದ್ಮೇಲೆ ಹಳೇದೇ ಉಡಿಸ್ತಾರಾ?"

"ಈಗ ಬುದ್ಧಿ ಬಂತು ನಿಂಗೆ," ಎಂದಳು ಅವಳು, ಕಣ್ಣೊರೆಸಿಕೊಂಡು.

ಹಬೆ ಬಿಟ್ಟರು. ದಂಡ ಎಗರಲಿಲ್ಲ, ಠಣ್ ಎನ್ನಲಿಲ್ಲ. ಎಣ್ಣೆಯಲ್ಲಿ ಜಾರಿದಂತೆ ಒಂದಿಷ್ಟು ಎದ್ದಿತು, ಒಂದಿಷ್ಟು ತಗ್ಗಿತು, ನಿಂತಿತು. ಪರದೆಯ ಮೇಲಿನ ಗೆರೆ ಒಗೆದು ಇಸ್ತ್ರಿ ಮಾಡಿದ ಪಂಚೆಯ ಅಂಚಿನಂತೆ ನೆಟ್ಟಗೆ ಮಲಗಿತು. ಆ ದಿನದ ಮಾಲ್ಟನ್ನು ಕುಡಿದವರು ಇದು ಬೇರೆ ಕಂಪನಿಯದು ಎಂದು ವಾಪಸು ಕೊಟ್ಟರು.

ಯೋಗಾನಂದ ಜಯಭೇರಿ ಹೊಡೆದುಕೊಂಡು ವಿಜಯ್ ಕುಮಾರನ ಕೋಣೆಗೆ ಹೋದರೆ, ಆ ಹುಡುಗ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಸರ್, ಕಪ್ಪು."

"ಕಪ್ಪಾ?"

"ಗ್ರೀನ್ ಅಲ್ಲ ಸರ್, ಕಪ್ಪು! ಇಷ್ಟು ನೆಟ್ಟಗಿರೋ ಗೆರೆ ಜೀವ ಇರೋ ಲೂಪಿಂದ ಬರಲ್ಲ, ಸೆನ್ಸರ್ ಸತ್ತಿದೆ ಅಂತಿದೆ ಸಾಫ್ಟ್‌ವೇರು. ಹೆಡ್ಡಾಫೀಸಿಂದ ಆಗ್ಲೇ ಕಂಡೋಲೆನ್ಸ್ ತರ ಮೆಸೇಜ್ ಬಂದಿದೆ. ನಿಮ್ ಟ್ರಾನ್ಸ್‌ಫರ್ ಆರ್ಡರ್ ಟೈಪ್ ಆಗ್ತಿದೆಯಂತೆ."

ಕುಣಿದರೂ ತಪ್ಪು, ನಿಂತರೂ ತಪ್ಪು. ಇನ್ನೊಬ್ಬನಾಗಿದ್ದರೆ ಅಲ್ಲೇ ಮರಳಿಗೆ ಮೈ ಒಡ್ಡುತ್ತಿದ್ದ. ಯೋಗಾನಂದ ಮಾತ್ರ, "ಸರ್, ಅವರಿಗೆ ವಿಡಿಯೋ ಕಾಲ್ ಹಾಕಿ. ಜೀವ ಇದೆಯೋ ಇಲ್ಲವೋ ಕಣ್ಣಲ್ಲೇ ನೋಡಲಿ," ಎಂದ.

ಕಾಲ್ ಹಾಕಿದರು. ವಿಜಯ್ ಕುಮಾರ್ ಮೊಬೈಲನ್ನು ಸ್ಟೀಮಮ್ಮನ ಕಡೆ ಹಿಡಿದು ನಿಂತ. ಆ ತುದಿಯಲ್ಲಿ ಟೈ ಕಟ್ಟಿದ ಐದಾರು ಮುಖಗಳು. ಪ್ಯಾನೆಲಿನಲ್ಲಿ ಬೈರಣ್ಣ. "ಬಿಸಿ ಎರಡು ಡಿಗ್ರಿ ಇಳಿಸು," ಎಂದು ಯೋಗಾನಂದ ಕೂಗಿದ. ಬೆಳ್ಳಿಯ ದಂಡ ಸದ್ದಿಲ್ಲದೆ, ಮದುಮಗಳು ತಲೆ ತಗ್ಗಿಸಿದಂತೆ, ತುಸು ಇಳಿಯಿತು. "ಎರಡು ಏರಿಸು." ತಲೆ ಎತ್ತಿತು. ಎಲ್ಲಿ ಬೇಕೋ ಅಲ್ಲಿ ನಿಂತಿತು. ನಮ್ಮ ಕಡೆಯ ಹೆಂಗಸರೆಲ್ಲ ಕೈಮುಗಿದರು. ಆ ಕಡೆ ಹೆಡ್ಡಾಫೀಸಿನವರೂ ಪರದೆಯ ಹತ್ತಿರಕ್ಕೆ ಬಾಗಿದರು. ಆಮೇಲೆ ಅವರಲ್ಲೊಬ್ಬ ಗಂಟಲು ಸರಿಮಾಡಿಕೊಂಡು, ಹಿಂದಿಯಲ್ಲಿ, ಈ ವರ್ಷ ತನಗೆ ಪ್ರಮೋಷನ್ ಉಂಟೋ ಎಂದು ಸ್ವಲ್ಪ ಕೇಳಿ ಹೇಳಬಹುದೇ ಎಂದ.

"ಈಗ ಅಮ್ಮ ಅಂಗೆಲ್ಲ ಯೋಳಾಕಿಲ್ಲ ಅನ್ನು," ಎಂದಳು ಮುನಿಕೃಷ್ಣಮ್ಮ. "ಅವಳ್ಗೆ ನೆಮ್ದಿ ಆಗೈತೆ. ನೆಮ್ದಿ ಆದೋರು ಊರೋರ್ ಪ್ರಶ್ನೆ ಎಲ್ಲ ಮೈಮ್ಯಾಲೆ ಆಕ್ಕಳಾಕಿಲ್ಲ."

ಕಪ್ಪು ಹೋಗಿ ಹಸಿರಾಯಿತು. ಟ್ರಾನ್ಸ್‌ಫರ್ ರದ್ದಾಯಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಡ್ಡಾಫೀಸು ಎಂಬುದು ಸಂತೋಷವಾದರೂ ಸುಮ್ಮನಿರುವ ಜಾತಿಯಲ್ಲ. ವಾರ ಕಳೆಯುವುದರೊಳಗೆ ಹೊಸ ಆದೇಶ ಬಂತು: ಇಷ್ಟು ಕೆಟ್ಟ ಲೂಪನ್ನು ಇಷ್ಟು ಚೆನ್ನಾಗಿ ಮಾಡಿದ ಶ್ರೀ ಯೋಗಾನಂದರು ನಮ್ಮ ಎಲ್ಲ ಕಾರ್ಖಾನೆಗಳಿಗೂ ಹೋಗಿ ಇದನ್ನೇ ಮಾಡಿಕೊಡತಕ್ಕದ್ದು. ಮೊದಲು ರಾಜಸ್ಥಾನ.

ಯೋಗಾನಂದ ಆ ದಿನ ಕಾರ್ಖಾನೆಯಿಂದ ನೇರ ಮನೆಗೆ ಹೋಗಲಿಲ್ಲ. ಬೀದಿಯ ಬೇಕರಿಯ ಮುಂದೆ ಟೀ ಹಿಡಿದು ನಿಂತವನು ನನ್ನನ್ನು ಕಂಡು, "ಸೋತಿದ್ರೆ ಒಂದೂರಿಗೆ ಹೋಗ್ಬೇಕಿತ್ತು ಸಾರ್. ಗೆದ್ದಿದ್ದಕ್ಕೆ ಎಲ್ಲಾ ಊರಿಗೂ ಹೋಗ್ಬೇಕು. ಭಾಗ್ಯನಿಗೆ ಏನಂತ ಹೇಳ್ಲಿ?" ಎಂದ. ಟೀಗೆ ಸಕ್ಕರೆ ಹೆಚ್ಚೋ ಕಡಿಮೆಯೋ ಎಂದೂ ನೋಡಲಿಲ್ಲ. ಅವನು ಹಾಗೆ ಕುಡಿದದ್ದನ್ನು ನಾನು ಅದೇ ಮೊದಲು ಕಂಡದ್ದು. ಕೈಹಿಡಿದು ಮನೆಯವರೆಗೆ ಬಿಟ್ಟೆ. ಬಿಟ್ಟವನು ಒಳಗೂ ಹೋದೆ, ಗೋಡೆಯಾಚೆಯಿಂದ ಕೇಳುವ ವಿಷಯವಲ್ಲ ಇದು.

ಹೇಳಿದ. ಹೊಲಿಗೆ ಯಂತ್ರ ನಿಂತಿತು.

"ನಾನ್ ಹೋಗಲ್ಲ ಕಣೇ," ಎಂದ ಯೋಗಾನಂದ. "ಕೆಲಸ ಬಿಟ್ಟುಬಿಡ್ತೀನಿ. ನೀನಂದ ಹಾಗೇ ಕೊಡಿಗೇಹಳ್ಳಿ ಬಿಟ್ಟು ಎಲ್ಲೂ..."

"ನಾನೆಲ್ಲಿ ಹಂಗಂದೆ?"

"ಅಂದ್ಯಲ್ಲ, ಹೋದ್ರೆ ಮನೇಲಿ ಬೇರೆಯವ್ರು ಇರ್ತಾರೆ ಅಂತ."

"ನನ್ನ ಒಬ್ಳನ್ನೇ ಬಿಟ್ಟು ಹೋದ್ರೆ ಅಂದೆ. ಇಷ್ಟು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, 'ನೀನೂ ಬರ್ತೀಯಾ ಭಾಗ್ಯ' ಅಂತ ಕೇಳಿದೀರಾ ನೀವು?"

ಯೋಗಾನಂದ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

"ಕಂಪನಿಯವ್ರು ಒಂದೇ ಟಿಕೆಟ್ ಕೊಡ್ತಿದ್ರು ಕಣೇ."

"ಟಿಕೆಟ್ ಕೇಳ್ಲಿಲ್ಲ ನಾನು. ಕೇಳಿದ್ರಾ ಅಂತ ಕೇಳ್ದೆ."

ದೇಶದ ಅರ್ಧ ಕಾರ್ಖಾನೆಗಳ ಕಾವನ್ನು ಅಳೆದವನು, ಪಕ್ಕದಲ್ಲಿ ಕೂತವಳಿಗೆ ಏನು ಬೇಕೆಂದು ಯಾವ ಮೀಟರಿನ ಮುಳ್ಳನ್ನೂ ನೋಡಿರಲಿಲ್ಲ. ಕೊನೆಗೆ, ಹೊಸದಾಗಿ ಹೆಣ್ಣು ನೋಡಲು ಬಂದವನಂತೆ ನೆಲ ನೋಡುತ್ತಾ ಕೇಳಿದ: "ನೀನೂ ಬರ್ತೀಯಾ ಭಾಗ್ಯ?"

"ಸಹಕಾರನಗರದ ಮದ್ವೆ ಬ್ಲೌಸ್ ಮೂರಿದೆ. ಮುಗಿಸ್ಕೊಂಡು ಬರ್ತೀನಿ," ಎಂದಳು ಅವಳು. ಯಂತ್ರ ಮತ್ತೆ ಓಡತೊಡಗಿತು, ಮೊದಲಿಗಿಂತ ಜೋರಾಗಿ.

ವಿಜಯ್ ಕುಮಾರ್ ಹೆಡ್ಡಾಫೀಸಿಗೆ ಏನು ಬರೆದನೋ, ಎರಡು ಟಿಕೆಟ್ ಬಂತು. ಯೋಗಾನಂದನ ಹೆಸರಿನ ಮುಂದೆ ತಜ್ಞರು ಎಂದಿತ್ತು, ಭಾಗ್ಯಶ್ರೀಯ ಹೆಸರಿನ ಮುಂದೆ ಹಿರಿಯ ತಜ್ಞರು ಎಂದು. ವಿಮಾನದಲ್ಲಿ ಯೋಗಾನಂದ ನೆತ್ತಿಯ ಮೇಲಿನ ಗಾಳಿಯ ತಿರುಪನ್ನು ಹಿಡಿದವನು ಇಳಿಯುವವರೆಗೂ ಬಿಡಲಿಲ್ಲವಂತೆ. ಹಿಂದಿನ ಆರು ಸಾಲಿಗೂ ನೆಗಡಿಯಾಯಿತಂತೆ.

ಮೊನ್ನೆ ನಾನೇ ಫೋನ್ ಮಾಡಿದೆ. ಎತ್ತಿದವಳು ಭಾಗ್ಯಶ್ರೀ. ಫೋನ್ ಹಿಡಿದೇ ಅಲ್ಲಿದ್ದ ಯಾರನ್ನೋ ಹಿಂದಿಯಲ್ಲಿ ಗದರಿಸುತ್ತಿದ್ದಳು. ಅವಳ ಹಿಂದಿಯಲ್ಲಿ ಹಿಂದಿ ಕಡಿಮೆ, ಗದರಿಕೆ ಜಾಸ್ತಿ.

"ಏನಮ್ಮ, ಹೇಗಿದೆ ಊರು?"

"ಊರೆಲ್ಲಿ ನೋಡಿದೀನಿ ಸಾರ್! ಇಲ್ಲಿ ಒಂದ್ ವಾಲ್ವಿಗೆ ಸಿಂಧೂರ ಬಳಿದು ಬಳಿದು ಕುಂಬಳಕಾಯಿ ಮಾಡಿಟ್ಟಿದ್ದಾರೆ. ನಮ್ಮನೆಯ ಮಹಾರಾಯರು ಬಕೆಟ್ ಹಿಡ್ಕೊಂಡು ನಿಂತಿದ್ದಾರೆ, ನೀರು ಬಿಸಿ ಸರಿಯಾಗಿದೆಯಾ ಅಂತ ಆವಾಗಿಂದ ಬೆರಳದ್ದಿ ನೋಡ್ತಾನೇ ಇದ್ದಾರೆ. ರೀ, ಸಾಕು ತನ್ರೀ ಇತ್ಲಾಗೆ!"

"ಯಾವಾಗ ಬರ್ತೀರಮ್ಮ?"

"ಇನ್ನೂ ಎಷ್ಟೋ ಊರಿದೆಯಂತೆ ಸಾರ್. ಎಲ್ಲಾ ನೋಡ್ಕೊಂಡೇ ಬರ್ತೀವಿ."